ಮದ್ಯವ್ಯಸನ ಮುಕ್ತಿಗೆ ಬೆಂಬಲ ಗುಂಪು: ಗ್ರಾಮ ಪಂಚಾಯಿತಿ ಸದಸ್ಯರಿಗೆ ಮಾರ್ಗದರ್ಶಿ ಟಿಪ್ಪಣಿ

ಜಿಲ್ಲೆಯ ಎಲ್ಲ ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಗಮನಕ್ಕೆ,

ಕುಡಿತದಿಂದ ಉಂಟಾಗುವ ಮನೆಜಗಳ, ಸಾಲ, ಮಕ್ಕಳು ಶಾಲೆ ಬಿಡುವುದು ಮುಂತಾದ ದೂರುಗಳು ಪೊಲೀಸ್ ಠಾಣೆಗಿಂತ ಮೊದಲು ಬಂದು ತಲುಪುವುದು ಸದಸ್ಯರ ಮನೆಬಾಗಿಲಿಗೆ. ಅಂಥ ಸಂದರ್ಭದಲ್ಲಿ ಬುದ್ಧಿ ಹೇಳುವುದು, ದೇವರ ಮುಂದೆ ಆಣೆ ಮಾಡಿಸುವುದು, ಹತ್ತು ಜನರ ನಡುವೆ ತಪ್ಪೊಪ್ಪಿಸುವುದು ರೂಢಿಯಲ್ಲಿದೆ. ಇದರಿಂದ ಕುಡಿತ ಕೆಲವು ದಿನ ನಿಲ್ಲಬಹುದು. ಮುಂದಿನ ಜಾತ್ರೆಗೋ ಬಟವಾಡೆಯ ದಿನಕ್ಕೋ ಮತ್ತೆ ಮರಳುತ್ತದೆ.

ಕಾಂಕ್ರೀಟ್ ರಸ್ತೆಯ ಉದಾಹರಣೆ ಸದಸ್ಯರಿಗೆ ಪರಿಚಿತ. ಕಾಂಕ್ರೀಟ್ ಹಾಕುವ ಕೆಲಸ ಒಂದೇ ದಿನದ್ದು. ಅದು ಗಟ್ಟಿಯಾಗುವುದು ಅನಂತರದ ದಿನಗಳಲ್ಲಿ ತಪ್ಪದೆ ನೀರುಣಿಸಿದರೆ ಮಾತ್ರ. ಮದ್ಯ ಬಿಡುವುದೂ ಹಾಗೆಯೇ. ಬಿಟ್ಟವರು ಬಿಟ್ಟಂತೆಯೇ ಉಳಿಯಲು ಬೇಕಾದ ನಿರಂತರ ಆಸರೆಯೇ ಬೆಂಬಲ ಗುಂಪು.

1. ಮೊದಲು ವೈದ್ಯರು, ಅನಂತರ ಗುಂಪು

ಪ್ರತಿದಿನ ಹೆಚ್ಚಾಗಿ ಕುಡಿಯುತ್ತಿದ್ದವರು ಏಕಾಏಕಿ ನಿಲ್ಲಿಸುವುದು ಅಪಾಯಕಾರಿ. ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರಾಹೀನತೆ ಆರಂಭವಾಗುತ್ತವೆ. ಮೊದಲ 2 ದಿನಗಳಲ್ಲಿ ಫಿಟ್ಸ್ ಬರಬಹುದು. 2ರಿಂದ 4ನೇ ದಿನದ ನಡುವೆ ಇಲ್ಲದ್ದು ಕಾಣುವ, ಕೇಳುವ ಭ್ರಮೆ ಉಂಟಾಗಬಹುದು. ಇದನ್ನು ಗಾಳಿ ಸೋಕಿದ್ದೆಂದು ಭಾವಿಸಿ ಕಾಲ ಕಳೆದರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಮೊದಲು ತಾಲ್ಲೂಕು ಆಸ್ಪತ್ರೆಗೆ, ಅಥವಾ ಜನರು ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದೊಯ್ಯತಕ್ಕದ್ದು. ವ್ಯಕ್ತಿಗೆ ತಿಳಿಯದಂತೆ ಊಟದಲ್ಲಿ ಮಾತ್ರೆ, ಪುಡಿ ಬೆರೆಸಬಾರದು. ಮಾನಸಿಕ ಅಸ್ವಸ್ಥರನ್ನು ಸರಪಳಿಯಲ್ಲಿ ಬಂಧಿಸುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಮದ್ಯವ್ಯಸನಕ್ಕೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಈ ಕಾಯ್ದೆಯ ವ್ಯಾಪ್ತಿಗೆ ಸೇರಿವೆ.

2. ಗುಂಪಿನ ಸ್ವರೂಪ

1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಕುಡಿತದಿಂದ ಕಂಗೆಟ್ಟ ಒಬ್ಬ ಷೇರು ವ್ಯವಹಾರಸ್ಥ ಮತ್ತು ಒಬ್ಬ ಶಸ್ತ್ರವೈದ್ಯ ತಮ್ಮ ಕಷ್ಟವನ್ನು ಪರಸ್ಪರ ಹೇಳಿಕೊಂಡರು. ಅಲ್ಲಿ ಹುಟ್ಟಿದ್ದೇ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಕುಡಿತ ನಿಲ್ಲಿಸಬೇಕೆಂಬ ಇಚ್ಛೆಯೊಂದೇ ಇಲ್ಲಿನ ಸದಸ್ಯತ್ವಕ್ಕೆ ಅರ್ಹತೆ. ಶುಲ್ಕವಿಲ್ಲ, ಜಾತಿ, ಮತ ಕೇಳುವುದಿಲ್ಲ. ಕುಟುಂಬದವರಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಗುಂಪುಗಳಿವೆ. ನಮ್ಮ ರಾಜ್ಯದಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಹಯೋಗದಲ್ಲಿ ಜನಜಾಗೃತಿ ವೇದಿಕೆ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತದೆ. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಸೇರುತ್ತಾರೆ.

3. ಹುಡುಕುವ ಬಗೆ

ಟೆಲಿ-ಮನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ, ಕನ್ನಡದಲ್ಲಿ ಮಾತನಾಡಬಹುದು. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446. ಆಸ್ಪತ್ರೆಯ ಆಪ್ತಸಮಾಲೋಚಕರನ್ನೂ ವಿಚಾರಿಸಬಹುದು. ಸಭೆಯ ವಾರ, ವೇಳೆ, ಸ್ಥಳ ಬದಲಾಗುವುದುಂಟು. ಫೋನ್ ಮೂಲಕ ಖಚಿತಪಡಿಸಿಕೊಂಡೇ ಹೊರಡಬೇಕು. ಸಿರುಗುಪ್ಪದಿಂದ ಬಳ್ಳಾರಿಗೆ 50 ಕಿಲೋಮೀಟರಿಗೂ ಹೆಚ್ಚಿನ ದಾರಿ. ಸಂಜೆಯ ಸಭೆಯಾದರೆ ಮರಳುವ ಬಸ್ಸಿನ ವೇಳೆಯನ್ನೂ ಮೊದಲೇ ತಿಳಿದಿರಬೇಕು. ಬಸ್ಸು ತಪ್ಪಿದವರು ಎರಡನೆಯ ಸಭೆಗೆ ಹೋಗಲು ಹಿಂಜರಿಯುತ್ತಾರೆ.

4. ಮೊದಲ ಸಭೆ

ಹೊಸಬರು ಮಾತನಾಡಲೇಬೇಕೆಂಬ ಒತ್ತಾಯವಿಲ್ಲ. ಸುಮ್ಮನೆ ಕುಳಿತು ಕೇಳಬಹುದು. ಪೂರ್ಣ ಹೆಸರು, ಊರು ಹೇಳಬೇಕಾಗಿಲ್ಲ. ಮುಕ್ತ ಸಭೆಗೆ ಮನೆಯವರೂ ಹೋಗಬಹುದು; ಇನ್ನೊಂದು ಬಗೆಯ ಸಭೆ ಕುಡಿತ ಬಿಡಬಯಸುವವರಿಗೆ ಮಾತ್ರ. ಒಂದು ಸಭೆಯಿಂದ ಫಲ ಅಳೆಯಬಾರದು. ನಡುವೆ ಒಮ್ಮೆ ಕುಡಿದರೆಂದು ಗುಂಪು ಯಾರನ್ನೂ ಹೊರಗಟ್ಟುವುದಿಲ್ಲ. ಊರೂ ಹಾಗೆ ಮಾಡಬಾರದು.

5. ಸದಸ್ಯರು ಮಾಡಬಹುದಾದದ್ದು

ಅ) ಯಾವುದೇ ವ್ಯಕ್ತಿಯ ಹೆಸರನ್ನು ಗ್ರಾಮಸಭೆಯಲ್ಲಾಗಲಿ ವಾಟ್ಸ್ಆ್ಯಪ್ ಗುಂಪಿನಲ್ಲಾಗಲಿ ಎತ್ತಬಾರದು. ‘ಕುಡುಕರ ಪಟ್ಟಿ’ ತಯಾರಿಸಲೇಬಾರದು. ಹೆಸರು ಹೊರಬೀಳುವ ಭಯವಿರುವಲ್ಲಿ ಯಾರೂ ನೆರವು ಕೇಳಿ ಬರುವುದಿಲ್ಲ. ಹೆಣ್ಣುಮಕ್ಕಳಂತೂ ಬರುವುದೇ ಇಲ್ಲ.

ಆ) ಮೊದಲ ಸಭೆಗೆ ವ್ಯಕ್ತಿ ನಂಬುವ ಒಬ್ಬರು ಅವರ ಒಪ್ಪಿಗೆಯಿಂದ ಬಾಗಿಲವರೆಗೆ ಜೊತೆಯಾಗಲಿ.

ಇ) ಎರಡು ಸಹಾಯವಾಣಿ ಸಂಖ್ಯೆಗಳನ್ನು ಪಂಚಾಯಿತಿ ಕಚೇರಿ, ಅರಿವು ಕೇಂದ್ರ, ನ್ಯಾಯಬೆಲೆ ಅಂಗಡಿಗಳಲ್ಲಿ ಪ್ರಕಟಿಸುವುದು.

ಈ) ಕುಡಿತ ಬಿಡಬಯಸುವ ಇಬ್ಬರು ಮೂವರು ಸೇರಿದರೂ ಎ.ಎ. ಗುಂಪಾಗಬಲ್ಲದು. ಅದು ಹೊರಗಿನವರ ದೇಣಿಗೆ ಸ್ವೀಕರಿಸುವುದಿಲ್ಲ. ಆದ್ದರಿಂದ ಪಂಚಾಯಿತಿಯಿಂದ ಬೇಕಾಗುವುದು ಅನುದಾನವಲ್ಲ. ವಾರಕ್ಕೊಂದು ಸಂಜೆ ಒಂದು ಕೊಠಡಿ, ನಾಲ್ಕು ಕುರ್ಚಿ, ಬೀಗದ ಕೈ.

ಈ ಕಾರ್ಯದಲ್ಲಿ ನಮ್ಮ ಜಿಲ್ಲೆಗೆ ಪರಂಪರೆಯೂ ಇದೆ. 1985ರಿಂದ 1990ರವರೆಗೆ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ನೀಡಿ, ಮನೋರೋಗ ಚಿಕಿತ್ಸೆಯನ್ನು ಹಳ್ಳಿಗೆ ತರಬಹುದೆಂದು ಇಲ್ಲಿಯೇ ತೋರಿಸಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಆ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಚಿಕಿತ್ಸೆ ಹಳ್ಳಿಗೆ ಬಂದಂತೆ ಬೆಂಬಲ ಗುಂಪೂ ಬರಬಲ್ಲದು. ಮುಂದಿನ ಸಾಮಾನ್ಯ ಸಭೆಯಲ್ಲಿ ಕೊಠಡಿ ಒದಗಿಸುವ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಮಾನ್ಯ ಸದಸ್ಯರಲ್ಲಿ ವಿನಂತಿ.

— ಪಂಚಾಯಿತಿ ಅಭಿವೃದ್ಧಿ ಅಧಿಕಾರಿ