ಎರೆಗೆ ಒಂದು ಕಾಪು, ಕೆಂಪು ಮಣ್ಣಿಗೆ ಇನ್ನೊಂದು

ವಿಜಯಪುರದ ಎರೆ ಹೊಲಕ್ಕೂ ಕೋಲಾರದ ಕೆಂಪು ಹೊಲಕ್ಕೂ ಬಣ್ಣವಷ್ಟೇ ಅಲ್ಲ, ಹುಟ್ಟೂ ಬೇರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನಲ್ಲಿ ಹರಿದ ಲಾವಾ ತಣಿದು ಬಸಾಲ್ಟ್ ಶಿಲೆಯಾಯಿತು. ಅದು ಸವೆದು ಎರೆ ಮಣ್ಣಾಯಿತು. ಕೋಲಾರ, ತುಮಕೂರು ಕಡೆಯ ಕೆಂಪು ಮಣ್ಣು ಅದಕ್ಕಿಂತ ಎಷ್ಟೋ ಹಳೆಯದಾದ ಗ್ರಾನೈಟ್, ನೈಸ್ ಶಿಲೆಗಳಿಂದ ಬಂದದ್ದು. ಶಿಲೆಯೊಳಗಿನ ಕಬ್ಬಿಣ ಆಮ್ಲಜನಕದೊಡನೆ ಸೇರಿದ್ದರಿಂದ ಆ ಕೆಂಪು.

ಬಂಡೆ ಮಣ್ಣಾಗುವ ಬಗೆ ಎರಡೂ ಕಡೆ ಒಂದೇ. ಹಗಲು ಹಿಗ್ಗಿ, ರಾತ್ರಿ ಕುಗ್ಗಿ ಕಲ್ಲು ಬಿರಿಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಬೆರೆತು ತುಸು ಹುಳಿಯಾದ ಮಳೆನೀರು ಬಿರುಕಿಗಿಳಿದು ಖನಿಜಗಳನ್ನು ಕರಗಿಸುತ್ತದೆ. ಕಲ್ಲುಹೂವು ಹಬ್ಬುತ್ತದೆ, ಬೇರು ತೂರುತ್ತದೆ. ಉದುರಿದ ಎಲೆ ಕೊಳೆತು, ಎರೆಹುಳು ಗೆದ್ದಲುಗಳು ಮೇಲೆ ಕೆಳಗೆ ಮಾಡಿದ ಮೇಲಷ್ಟೇ ಪುಡಿಗಲ್ಲು ಫಲವತ್ತಾದ ಮಣ್ಣು. ಒಂದು ಸೆಂಟಿಮೀಟರ್ ಮೇಲ್ಮಣ್ಣಿಗೆ ನೂರಾರು ವರ್ಷ ಬೇಕು. ಬರಿದಾದ ಇಳಿಜಾರಿನಲ್ಲಿ ಅದು ಕೆಲವೇ ವರ್ಷಗಳಲ್ಲಿ ಕೊಚ್ಚಿಹೋಗುತ್ತದೆ.

ಎರೆಯಲ್ಲಿ ಜೇಡಿ ಹೆಚ್ಚು. ನೆನೆದರೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಇಂಗಲಾರದ ನೀರು ಮಣ್ಣನ್ನೂ ಎಳೆದೊಯ್ಯುತ್ತದೆ. ಹಿಂಗಾರಿನ ಬಿಳಿಜೋಳ, ಕಡಲೆಗೆಂದು ಮುಂಗಾರಿನಲ್ಲಿ ಹೊಲ ಖಾಲಿ ಬಿಟ್ಟಾಗ ನಷ್ಟ ಇನ್ನೂ ಹೆಚ್ಚು. ಮಳೆಗೆ ಮೊದಲೇ ಹೊಲವನ್ನು ಚೌಕುಮಡಿ ಮಾಡಿದರೆ ನೀರು ಅಲ್ಲಲ್ಲೇ ನಿಂತು ಇಂಗುತ್ತದೆ. ಮಿಕ್ಕ ನೀರು ಕೃಷಿಹೊಂಡ ಸೇರಲಿ. ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನ ಎರೆಗೆ ಇನ್ನೊಂದು ಅಪಾಯ ಸವಳು-ಜವಳು. ಅತಿಯಾಗಿ ಹಾಯಿಸಿದ ನೀರು ತಳದಲ್ಲಿ ನಿಂತು, ಉಪ್ಪನ್ನು ಮೇಲಕ್ಕೆ ತರುತ್ತದೆ. ಮಿತ ನೀರು, ಬಸಿಗಾಲುವೆ ಇದಕ್ಕೆ ಮದ್ದು.

ಕೆಂಪು ಮಣ್ಣಿನಲ್ಲಿ ಸಾವಯವ ಅಂಶ ಕಡಿಮೆ. ಮಳೆಹನಿಯ ಹೊಡೆತಕ್ಕೆ ಕಣಗಳು ಚದುರಿ, ಒಣಗಿದಾಗ ಮೇಲೆ ಗಟ್ಟಿ ಪದರ ಕಟ್ಟುತ್ತದೆ. ಮೊಳಕೆಗೂ ತಡೆ, ನೀರಿಗೂ ತಡೆ. ಇಲ್ಲಿ ಮೊದಲ ಕೆಲಸ ನೆಲ ಮುಚ್ಚುವುದು. ರಾಗಿಯ ನಡುವೆ ತೊಗರಿ, ಅವರೆಯ ಅಕ್ಕಡಿ ಸಾಲು ಹಾಕಿ. ಕೊಟ್ಟಿಗೆ ಗೊಬ್ಬರ ಕೊಡಿ. ಅಪ್ಸೆಣಬು ಬಿತ್ತಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿ. ಇಳಿಜಾರಿಗೆ ಅಡ್ಡಲಾಗಿ ಉಳಿ. ಗುಂಡ್ಲುಪೇಟೆ ಕಡೆಯ ರೈತರು ಹಿಂದಿನಿಂದಲೂ ಮಾಡುತ್ತಿದ್ದಂತೆ ಬದುವಿನುದ್ದಕ್ಕೂ ಲಾವಂಚ ನೆಟ್ಟರೆ ಆಳಕ್ಕಿಳಿವ ಬೇರು ಮಣ್ಣನ್ನು ಹಿಡಿಯುತ್ತದೆ.

ಯಾವ ಮಣ್ಣೇ ಇರಲಿ, ಕೂಳೆಗೆ ಬೆಂಕಿಯಿಡಬೇಡಿ. ಬಿತ್ತನೆಗೆ ಮುಂಚೆ ಹೊಲದ ಎಂಟು-ಹತ್ತು ಕಡೆ 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆದು ಬೆರೆಸಿ, ಅರ್ಧ ಕಿಲೋವನ್ನು ರೈತ ಸಂಪರ್ಕ ಕೇಂದ್ರದ ಮೂಲಕ ಪರೀಕ್ಷೆಗೆ ಕಳಿಸಿ. ಅದರ ಫಲಿತಾಂಶ ನೋಡಿದ ಮೇಲೆಯೇ ಗೊಬ್ಬರದ ಚೀಲ ಕೊಳ್ಳಿ.