ದಾದಿಯ ಕೈಗೆ ಬಂದ ಗಣಕಯಂತ್ರ

"ಆ ಹುಡುಗಿ ನನ್ನ ಮುಖಾನೇ ನೋಡಲ್ಲ ಕಣಮ್ಮ. ಬರ್ತಾಳೆ, ಆ ಪೆಟ್ಟಿಗೆ ನೋಡ್ತಾಳೆ, ಟಕಟಕ ಅಂತ ಕುಟ್ತಾಳೆ, ಹೋಗ್ತಾಳೆ!"

ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದ ನಮ್ಮ ಅತ್ತೆಯವರ ದೂರು ಇದು. ಕಾಲಿನ ಹುಣ್ಣು ಕೀವಾಗಿ, ಸಕ್ಕರೆ ಕಾಯಿಲೆಯೂ ಏರಿದ್ದರಿಂದ ಅವರನ್ನು ಆ ದಿನ ಬೆಳಿಗ್ಗೆ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದೆವು. ಕುಂಬಾರಕೊಪ್ಪಲಿನ ನಮ್ಮ ಮನೆಯಿಂದ ಗಂಜಿ ಡಬ್ಬಿ, ಫ್ಲಾಸ್ಕು ಹಿಡಿದು ಸಂಜೆ ಹೋದ ನನಗೂ ಅತ್ತೆ ಹೇಳಿದ್ದು ಸರಿ ಅನ್ನಿಸಿತು. ಚಕ್ರದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು ತಳ್ಳಿಕೊಂಡು ಬರುವ ಈ ಸಿಸ್ಟರ್ ಎಲ್ಲಿ, ಹಿಂದೆ ಚೆಲುವಾಂಬ ಆಸ್ಪತ್ರೆಯಲ್ಲಿ ನನಗೆ ಹೆರಿಗೆಯಾದಾಗ ಹಣೆ ಮುಟ್ಟಿ "ಏನವ್ವಾ, ನೋವಾ?" ಎಂದು ಕೇಳಿದ ಆ ಹಿರಿಯ ದಾದಿ ಎಲ್ಲಿ! ಯಂತ್ರ ಬಂದು ಅಂತಃಕರಣ ಹೋಯಿತು ಎಂದುಕೊಂಡೆ.

ಆದರೆ ನನ್ನ ತಿಳಿವಳಿಕೆ ಎಷ್ಟು ಅರ್ಧಂಬರ್ಧದ್ದು ಎಂಬುದು ಅದೇ ರಾತ್ರಿ ಗೊತ್ತಾಯಿತು.

ಒಂಬತ್ತು ಗಂಟೆಗೆ ರಾತ್ರಿ ಪಾಳಿಯ ಸಿಸ್ಟರ್ ಇಂಜೆಕ್ಷನ್ ಹಿಡಿದು ಬಂದಳು. ಅತ್ತೆಯ ಕೈಪಟ್ಟಿಯಲ್ಲಿದ್ದ ಹೆಸರು, ನಂಬರು ಓದಿ ಕಂಪ್ಯೂಟರಿನಲ್ಲಿ ತಾಳೆ ನೋಡಿದಳು. ಅಲ್ಲಿ 'ಅಲರ್ಜಿ: ಇಲ್ಲ' ಎಂದಿತ್ತು. ಆದರೂ ಸೂಜಿ ಚುಚ್ಚುವ ಮೊದಲು ಅತ್ತೆಯ ಕಡೆ ಬಗ್ಗಿ ಕೇಳಿದಳು: "ಅಜ್ಜಿ, ಯಾವುದಾದ್ರೂ ಔಷಧಿ ನಿಮ್ಮ ಮೈಗೆ ಒಗ್ಗದೇ ಹೋಗಿತ್ತಾ?"

"ಹೂಂ ಕಣವ್ವ. ಎರಡನೇ ಬಾಣಂತನದಲ್ಲಿ ಪೆನ್ಸಿಲಿನ್ ಚುಚ್ಚಿದ್ರು. ಮೈಯೆಲ್ಲಾ ಗಂಧೆ ಎದ್ದು, ಉಸಿರು ಕಟ್ಟಿ, ಬದುಕಿದ್ದೇ ಹೆಚ್ಚು."

ಸಿಸ್ಟರ್ ಕೈ ಹಿಂದಕ್ಕೆ ತೆಗೆದಳು. ಆ ಸೂಜಿಯಲ್ಲಿದ್ದದ್ದು ಪೆನಿಸಿಲಿನ್ ಗುಂಪಿನದೇ ಔಷಧ! ಕೂಡಲೇ ಡಾಕ್ಟರಿಗೆ ಫೋನ್ ಮಾಡಿ ಬೇರೆ ಔಷಧ ಬರೆಸಿಕೊಂಡಳು. ನಂತರ ಕಂಪ್ಯೂಟರಿನಲ್ಲಿ ಆ ವಿಷಯ ಸೇರಿಸಿದಳು. ಅಲ್ಲಿಂದ ಮುಂದೆ ಯಾವ ಪಾಳಿಯವರು ಅತ್ತೆಯ ಪುಟ ತೆರೆದರೂ ಮೇಲುಗಡೆ ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಕಾಣುತ್ತಿತ್ತು.

ತಪ್ಪು ಯಾರದು ಅಂತೀರಾ? ಬೆಳಿಗ್ಗೆ ಕೌಂಟರಿನಲ್ಲಿ "ಅಲರ್ಜಿ ಇದೆಯಾ?" ಎಂದು ಕೇಳಿದಾಗ, ಅವಸರದಲ್ಲಿ "ಇಲ್ಲ, ಏನೂ ಇಲ್ಲ" ಎಂದವಳು ನಾನೇ. ಇಷ್ಟು ವರ್ಷ ಜೊತೆಯಲ್ಲಿ ಬಾಳಿದ್ದೇನೆ; ಅತ್ತೆಗೆ ಯಾವ ಪಲ್ಯ ಸೇರುವುದಿಲ್ಲ ಎಂದು ಗೊತ್ತು, ಯಾವ ಔಷಧ ಸೇರುವುದಿಲ್ಲ ಎಂದು ಗೊತ್ತಿರಲಿಲ್ಲ. ನನ್ನ ಸುಳ್ಳನ್ನು ಕಂಪ್ಯೂಟರ್ ನಿಜವೆಂದೇ ನಂಬಿತ್ತು. ನಂಬದೆ ಬಾಯಿಬಿಟ್ಟು ಕೇಳಿದವಳು ಆ ಹುಡುಗಿ.

ಆಮೇಲೆ ಆಸ್ಪತ್ರೆಯಲ್ಲಿ ಕಳೆದ ದಿನಗಳಲ್ಲಿ, ಬಿಡುವಾದಾಗಲೆಲ್ಲ ಸಿಸ್ಟರುಗಳನ್ನು ಕೇಳಿ, ಮನೆಗೆ ಬಂದು ಓದಿ ತಿಳಿದುಕೊಂಡದ್ದನ್ನು ಸೋದರಿಯರ ಮುಂದೆ ಇಡುತ್ತಿದ್ದೇನೆ.

ಆ ಪೆಟ್ಟಿಗೆ ಮಾಡುವ ಕೆಲಸ

ಹಿಂದೆ ಮಂಚದ ಕಾಲಬಳಿ ಒಂದು ಹಲಗೆ ತೂಗುತ್ತಿತ್ತಲ್ಲ, ಜ್ವರದ ಗೆರೆ ಏರಿಳಿಯುತ್ತಿದ್ದ ಕಾಗದ? ಅದೇ ಈಗ ಕಂಪ್ಯೂಟರಿಗೆ ಹೋಗಿದೆ. ಲೆಕ್ಕ ಬರೆದಿಡುವುದು ದಾದಿಯರಿಗೆ ಹೊಸದೇನೂ ಅಲ್ಲ. ದಾದಿಯರ ಗುರು ಫ್ಲಾರೆನ್ಸ್ ನೈಟಿಂಗೇಲ್ 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆ ಹೋದಾಕೆ. ಗಾಯಕ್ಕಿಂತ ರೋಗರುಜಿನದಿಂದಲೇ ಹೆಚ್ಚು ಸೈನಿಕರು ಸತ್ತರೆಂದು ಮುಂದೆ ಲೆಕ್ಕ ಹಾಕಿ, ಚಿತ್ರ ಬರೆದು ಸರ್ಕಾರಕ್ಕೆ ತೋರಿಸಿದಳು. ಆಕೆಯ ಒಂದು ಕೈಯಲ್ಲಿ ದೀಪ, ಇನ್ನೊಂದು ಕೈಯಲ್ಲಿ ಲೆಕ್ಕದ ಪುಸ್ತಕ ಎಂದರೂ ಸರಿಯೇ.

ಔಷಧ ಕೊಡುವಾಗ ದಾದಿ ಐದು ವಿಷಯ ಸರಿಯಿದೆಯೇ ಎಂದು ನೋಡಬೇಕು: ರೋಗಿ, ಔಷಧ, ಪ್ರಮಾಣ, ಕೊಡುವ ದಾರಿ, ಹೊತ್ತು. ಕೈಬರಹದಲ್ಲಿ ಇವು ತಪ್ಪುವುದು ಸುಲಭ. ಇನ್ಸುಲಿನ್ನಿಗೆ 'ಯೂನಿಟ್' ಎಂದು ಪೂರ್ತಿ ಬರೆಯದೆ, 10ರ ಪಕ್ಕ ಇಂಗ್ಲಿಷಿನ 'ಯು' ಅಕ್ಷರ ಮಾತ್ರ ಗೀಚಿದರೆ ಅದು ಸೊನ್ನೆಯಂತೆ ಕಂಡು 100 ಆಗಿಬಿಡಬಹುದು. ಸಕ್ಕರೆ ಕಾಯಿಲೆಯವರಿಗೆ ಅಷ್ಟು ಹೋದರೆ ಪ್ರಾಣಕ್ಕೇ ಸಂಚಕಾರ. ಕಂಪ್ಯೂಟರಿನ ಅಕ್ಷರದಲ್ಲಿ ಈ ಗೊಂದಲವಿಲ್ಲ. ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಕೈಪಟ್ಟಿಯ ಮೇಲೆ ಅಂಗಡಿ ಸಾಮಾನಿನ ಮೇಲಿರುವಂಥ ಗೆರೆಗಳಿರುತ್ತವೆ. ಅದಕ್ಕೂ ಔಷಧದ ಪೊಟ್ಟಣಕ್ಕೂ ಬೆಳಕು ತೋರಿಸಿದರೆ, ಎರಡೂ ತಾಳೆಯಾಗದಿದ್ದಲ್ಲಿ ಕಂಪ್ಯೂಟರ್ ತಕ್ಷಣ ಹೇಳುತ್ತದೆ.

ಇನ್ನೊಂದು ಉಪಯೋಗ ನನಗೆ ಬಹಳ ಹಿಡಿಸಿತು. ಒಂದಗುಳು ಹಿಸುಕಿದರೆ ಅನ್ನ ಬೆಂದದ್ದು ನಮಗೆ ತಿಳಿಯುತ್ತದೆ. ರೋಗಿಯ ಸ್ಥಿತಿ ಹಾಗಲ್ಲ. ಜ್ವರ ಸ್ವಲ್ಪ ಹೆಚ್ಚು, ಉಸಿರು ಸ್ವಲ್ಪ ಜೋರು, ರಕ್ತದ ಒತ್ತಡ ಸ್ವಲ್ಪ ಕಡಿಮೆ, ಒಂದೊಂದನ್ನೇ ನೋಡಿದರೆ ಗಾಬರಿಯಿಲ್ಲ. ಎಲ್ಲ ಕೂಡಿದರೆ ಅಪಾಯ. ಬ್ರಿಟನ್ನಿನಲ್ಲಿ 2012ರಲ್ಲಿ ಇದಕ್ಕೆಂದೇ ಒಂದು ಅಂಕಪಟ್ಟಿ ತಂದರು. ಉಸಿರು, ರಕ್ತದಲ್ಲಿನ ಆಮ್ಲಜನಕ, ಒತ್ತಡ, ನಾಡಿ, ಜ್ವರ, ಪ್ರಜ್ಞೆ ಇವಕ್ಕೆ ಅಂಕ ಹಾಕಿ ಕೂಡುವುದು. ಮೊತ್ತ 7 ಮುಟ್ಟಿದರೆ ತುರ್ತು. ಕಂಪ್ಯೂಟರಿದ್ದರೆ ಕೂಡುವ ಕೆಲಸ ಅದರದು, ದಾದಿಗೆ ಎಚ್ಚರಿಕೆ ತಾನಾಗಿ ಬರುತ್ತದೆ.

ಯಂತ್ರದ ಮಿತಿ

ಹಾಗೆಂದು ಯಂತ್ರವೇ ದೇವರಲ್ಲ. ತೀವ್ರ ನಿಗಾ ಘಟಕದಲ್ಲಿ ಹತ್ತಾರು ಯಂತ್ರಗಳು ಹಗಲೂ ರಾತ್ರಿ ಕೂಗುತ್ತವೆ. ರೋಗಿ ಮಗ್ಗುಲಾದರೂ, ತಂತಿ ಸಡಿಲವಾದರೂ ಕೂಗು! 'ತೋಳ ಬಂತು ತೋಳ' ಕಥೆಯಂತೆ, ಕೇಳಿ ಕೇಳಿ ಕಿವಿ ಮಂದವಾಗಿ, ನಿಜವಾದ ಕೂಗೂ ತಪ್ಪಿಹೋಗುವ ಭಯವಿದೆ. 2020ರ ಕೊರೊನಾ ಕಾಲದಿಂದ ನಮ್ಮ ಮನೆಗಳಿಗೂ ಬಂದಿರುವ ಬೆರಳ ಯಂತ್ರವನ್ನೇ ನೋಡಿ. ಉಗುರಿಗೆ ಗಾಢ ಬಣ್ಣವಿದ್ದರೆ, ಬೆರಳು ತಣ್ಣಗಿದ್ದರೆ ಆಮ್ಲಜನಕದ ಲೆಕ್ಕವನ್ನೇ ತಪ್ಪು ತೋರಿಸಬಹುದು. ಅಂಕಿ ಒಂದು ಹೇಳಿ ರೋಗಿಯ ಮುಖ ಇನ್ನೊಂದು ಹೇಳಿದರೆ, ಒಳ್ಳೆಯ ದಾದಿ ಮುಖವನ್ನು ನಂಬಿ ಮತ್ತೆ ಪರೀಕ್ಷಿಸುತ್ತಾಳೆ.

ದಾದಿಯರ ಕಷ್ಟವೂ ಕಡಿಮೆಯೇನಲ್ಲ. "ಅಕ್ಕಾ, ಕಂಪ್ಯೂಟರಿಗೂ ಬರೀಬೇಕು, ರಿಜಿಸ್ಟರಿಗೂ ಬರೀಬೇಕು. ನಮಗೇನು ನಾಲ್ಕು ಕೈ ಇದೆಯಾ?" ಎಂದಳು ಒಬ್ಬಳು. ಮುಖ ನೋಡಲು ಪುರುಸೊತ್ತಿಲ್ಲದ್ದು ಯಂತ್ರದಿಂದಷ್ಟೇ ಅಲ್ಲ, ಕೈಗಳು ಸಾಲದ್ದರಿಂದಲೂ ಹೌದು.

ಮನೆಬಾಗಿಲ ನರ್ಸಮ್ಮ

ದೊಡ್ಡ ಆಸ್ಪತ್ರೆಯ ಮಾತು ಮಾತ್ರ ಇದಲ್ಲ. ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡು ನಿಮಗೆಲ್ಲ ಗೊತ್ತು. ಗರ್ಭಿಣಿಯರ ಮತ್ತು ಮಕ್ಕಳ ವಿವರವನ್ನು ಹೆಸರು ಹಿಡಿದು ಕಂಪ್ಯೂಟರಿನಲ್ಲಿ ದಾಖಲಿಸುವ ಏರ್ಪಾಡನ್ನು ಕೇಂದ್ರ ಸರ್ಕಾರ 2009ರಲ್ಲಿ ಆರಂಭಿಸಿತು. 2016ರಲ್ಲಿ ಮನೆಮನೆಗೆ ಹೋಗುವ ದಾದಿಯರ ಕೈಗೆ ಹಲಗೆಯಂಥ ಟ್ಯಾಬ್ಲೆಟ್ ಕೊಡುವ 'ಅನ್‌ಮೋಲ್' ಯೋಜನೆ ಬಂತು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಇದರ ಬೆಲೆ ದೊಡ್ಡದು. ಕಾರ್ಡಿನಲ್ಲಿರುವ ನೋಂದಣಿ ನಂಬರು ಹೇಳಿದರೆ, ಇಲ್ಲಿ ಹಾಕಿಸಿದ ಚುಚ್ಚುಮದ್ದು, ಇಲ್ಲಿ ನೋಡಿದ ರಕ್ತದ ಅಂಶ ಅಲ್ಲಿಯೂ ತಿಳಿಯಬೇಕೆಂಬುದೇ ಉದ್ದೇಶ.

ನಮ್ಮ ಸರಗೂರಿನ ಸಂಗತಿ ಕೇಳಿದರೆ ಹೆಮ್ಮೆಯೆನಿಸುತ್ತದೆ. ಈ ಶತಮಾನದ ಮೊದಲ ವರ್ಷಗಳಲ್ಲೇ ಇಸ್ರೋ ಸಂಸ್ಥೆಯ ಉಪಗ್ರಹದ ಮೂಲಕ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದ್ದರು. ಕಾಡಂಚಿನ ರೋಗಿಯ ಎದೆಬಡಿತದ ಗೆರೆಯನ್ನು ಬೆಂಗಳೂರಿನ ತಜ್ಞರು ಕುಳಿತಲ್ಲೇ ನೋಡಬಹುದಾಗಿತ್ತು. ಆದರೆ ರೋಗಿಯ ಎದೆಗೆ ತಂತಿ ಅಂಟಿಸಿ, "ಹೆದರಬೇಡಿ" ಎನ್ನಲು ಇಲ್ಲಿ ಒಂದು ಕೈ ಇರಲೇಬೇಕಲ್ಲವೇ? 2021ರಲ್ಲಿ ಬದಲಾಯಿಸಿದ ಬಿ.ಎಸ್ಸಿ. ನರ್ಸಿಂಗ್ ಪಠ್ಯದಲ್ಲಿ ಈ ಕಂಪ್ಯೂಟರ್ ವಿದ್ಯೆಗೂ ಜಾಗ ಕೊಟ್ಟಿದ್ದಾರೆ.

ಗೃಹಿಣಿಯರಿಗೆ ಕೆಲವು ಕಿವಿಮಾತು

* ಮನೆಯ ಪ್ರತಿಯೊಬ್ಬರಿಗೂ ಒಗ್ಗದ ಔಷಧ, ಈಗ ನುಂಗುತ್ತಿರುವ ಮಾತ್ರೆ, ಹಿಂದಿನ ಆಪರೇಷನ್ನು ಇವನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ. ಹಿರಿಯರನ್ನು ಇವತ್ತೇ ಕೂರಿಸಿಕೊಂಡು ಕೇಳಿ.

* ಆಸ್ಪತ್ರೆಯ ಕೌಂಟರಿನಲ್ಲಿ ಗೊತ್ತಿಲ್ಲದ್ದಕ್ಕೆ "ಇಲ್ಲ" ಎನ್ನಬೇಡಿ. "ಗೊತ್ತಿಲ್ಲ, ಕೇಳಿ ಹೇಳ್ತೀನಿ" ಎನ್ನಿ.

* ಕೈಪಟ್ಟಿಯ ಹೆಸರು, ವಯಸ್ಸು ಸರಿಯಿದೆಯೇ ಓದಿ. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇರಬಹುದು!

* ದಾದಿ ಔಷಧ ಅಳೆಯುವಾಗ, ಅಂಕಿ ತುಂಬುವಾಗ ಮಾತಿಗೆಳೆಯಬೇಡಿ. ಆದರೆ ರೋಗಿ ತೊದಲಿದರೆ, ಮಂಕಾದರೆ, ಊಟ ಬಿಟ್ಟರೆ ಕೂಡಲೇ ಹೇಳಿ. ಅದು ಯಂತ್ರಕ್ಕಿಂತ ಮೊದಲು ಕಾಣುವುದು ನಿಮಗೆ.

* ಬಿಡುಗಡೆಯ ಕಾಗದವನ್ನು ಜೋಪಾನ ಮಾಡಿ. 14 ಅಂಕಿಯ 'ಆಭಾ' ಆರೋಗ್ಯ ಸಂಖ್ಯೆ ಮಾಡಿಸುವುದು ನಿಮ್ಮ ಇಷ್ಟ. ಮಾಡಿಸಿದರೂ ಕಾಗದ ಬಿಸಾಡಬೇಡಿ. ಫೋನಿಗೆ ಬರುವ ಓಟಿಪಿಯನ್ನು ಗುರುತಿಲ್ಲದವರಿಗೆ ಹೇಳಲೇಬೇಡಿ.

ಎಂಟನೆಯ ದಿನ ಅತ್ತೆಯನ್ನು ಮನೆಗೆ ಕಳಿಸಿದರು. ಹೊರಡುವಾಗ ಆ ರಾತ್ರಿ ಪಾಳಿಯ ಸಿಸ್ಟರ್ ಎದುರಾದಳು. ಅತ್ತೆ ಅವಳ ಕೈ ಹಿಡಿದು, "ನಿನ್ನ ಪೆಟ್ಟಿಗೆ ಎಲ್ಲಾ ಬರ್ಕೊಂಡೈತೆ ಕಣವ್ವ. ಆದ್ರೆ ನನ್ನ ಕೇಳಿದ್ದು ನೀನು," ಎಂದರು.

ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸ, ಕೆಂಪು ಶಾಯಿಯಲ್ಲಿ 'ಪೆನಿಸಿಲಿನ್ ಕೊಡಬಾರದು' ಎಂದು ಬರೆದು, ಅಡಿಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದು. ಇನ್ನೊಂದು ಪ್ರತಿ ನನ್ನ ಪರ್ಸಿನಲ್ಲಿದೆ.