ಸಾಧನಸಂಖ್ಯೆಗಳು: ಒಂದು ವಿವೇಚನೆ

ಗಣಕಯಂತ್ರಕ್ಕೆ ಜೋಡಿಸಿದ ಡಿಸ್ಕು, ಮುದ್ರಣಯಂತ್ರ ಮೊದಲಾದ ಸಾಧನಗಳನ್ನು ನಾವು ಹೆಸರಿನಿಂದ ಗುರುತಿಸುತ್ತೇವೆ. ಯಂತ್ರವನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆಯಾದರೋ ಅವನ್ನು ಸಂಖ್ಯೆಗಳಿಂದ ಗುರುತಿಸುತ್ತದೆ. ಈ ಸಂಖ್ಯೆಗಳನ್ನು ಗೊತ್ತುಪಡಿಸುವ ಅಧಿಕಾರ ಯಾರದು, ಅದು ಹೇಗೆ ಬದಲಾಯಿತು ಎಂಬುದು ದಾಖಲೆಗಳನ್ನು ವ್ಯಾಸಂಗ ಮಾಡುವವರಿಗೂ ವಿಚಾರಾರ್ಹವಾದ ವಿಷಯ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು 1969ರಲ್ಲಿ ಆರಂಭಿಸಿದ ಯೂನಿಕ್ಸ್ ವ್ಯವಸ್ಥೆಯಲ್ಲಿ ಸಾಧನಗಳು ವಿಶೇಷ ಕಡತಗಳಾಗಿ ತೋರುತ್ತವೆ. ಅಂತಹ ಕಡತದಲ್ಲಿ ಬರಹವಿರುವುದಿಲ್ಲ. ಸಾಧನದ ವರ್ಗ ಮತ್ತು ಎರಡು ಸಂಖ್ಯೆಗಳು ಮಾತ್ರ ನಮೂದಾಗಿರುತ್ತವೆ. ಪ್ರಧಾನ ಸಂಖ್ಯೆಯು ಚಾಲಕ ತಂತ್ರಾಂಶವನ್ನು ಸೂಚಿಸುತ್ತದೆ. ಆ ಚಾಲಕದ ಅಧೀನದಲ್ಲಿರುವ ಸಾಧನಗಳ ಪೈಕಿ ಯಾವುದೆಂಬುದನ್ನು ಉಪಸಂಖ್ಯೆಯು ತಿಳಿಸುತ್ತದೆ. ನಮ್ಮ ಜಮೀನುಗಳ ಸರ್ವೆ ನಂಬರು, ಹಿಸ್ಸಾ ನಂಬರುಗಳ ಸಂಬಂಧವನ್ನು ಇದು ನೆನಪಿಗೆ ತರುತ್ತದೆ.

1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇದೇ ಕ್ರಮವನ್ನು ಅನುಸರಿಸಿತು. ಅದರಲ್ಲಿ 1, 3 ಎಂಬುದು ಬರೆದುದನ್ನೆಲ್ಲ ನುಂಗಿಬಿಡುವ 'ನಲ್' ಸಾಧನ. 8, 0 ಎಂಬುದು ಸ್ಕಸಿ ವರ್ಗದ ಮೊದಲನೆಯ ಡಿಸ್ಕು. 'ನಲ್' ಎಂಬ ಹೆಸರಿನ ಕಡತದಲ್ಲಿ ಡಿಸ್ಕಿನ ವರ್ಗವನ್ನೂ 8, 0 ಎಂಬ ಸಂಖ್ಯೆಗಳನ್ನೂ ನಮೂದಿಸಿದರೆ, ಬೇಡವೆಂದು ಎಸೆದ ಮಾಹಿತಿಯು ಡಿಸ್ಕಿನ ಮೇಲೆ ಬಿದ್ದು ಅಲ್ಲಿದ್ದುದನ್ನು ಅಳಿಸುತ್ತದೆ. ವ್ಯವಸ್ಥೆಯು ಹೆಸರನ್ನು ನಂಬುವುದಿಲ್ಲ, ಸಂಖ್ಯೆಯನ್ನು ನಂಬುತ್ತದೆ.

ಮೊದಲು ಎರಡು ಸಂಖ್ಯೆಗಳಿಗೂ ತಲಾ 8 ಬಿಟ್‌ಗಳಷ್ಟೇ ಸ್ಥಳವಿದ್ದಿತು; ಎಂದರೆ ತಲಾ 256 ಸಂಖ್ಯೆಗಳು. ಒಂದೊಂದು ಡಿಸ್ಕಿಗೆ, ಅದರ ವಿಭಾಗಗಳೂ ಸೇರಿ, 16 ಉಪಸಂಖ್ಯೆಗಳನ್ನು ಮೀಸಲಿಟ್ಟುದರಿಂದ 8ನೆಯ ಪ್ರಧಾನ ಸಂಖ್ಯೆಯು 16 ಡಿಸ್ಕುಗಳಿಗೇ ಮುಗಿಯಿತು. ಹದಿನೇಳನೆಯದಕ್ಕೆ 65ನ್ನು ಕೊಡಬೇಕಾಯಿತು. ಸಂಖ್ಯೆಗಳನ್ನು ಕೇಂದ್ರ ಪಟ್ಟಿಯೊಂದರಲ್ಲಿ ದಾಖಲಿಸಿ ಹಂಚುತ್ತಿದ್ದರು. ಬೇಡಿಕೆ ಬೆಳೆದಂತೆ 2001ರಲ್ಲಿ ಟೋರ್ವಾಲ್ಡ್ಸ್ ಹೊಸ ಹಂಚಿಕೆಯನ್ನು ತಡೆಹಿಡಿಯುವಂತೆ ಕೋರಿದರು. 2003ರ ಡಿಸೆಂಬರಿನಲ್ಲಿ ಹೊರಬಂದ 2.6ನೆಯ ಆವೃತ್ತಿಯಲ್ಲಿ ಪ್ರಧಾನ ಸಂಖ್ಯೆಗೆ 12, ಉಪಸಂಖ್ಯೆಗೆ 20 ಬಿಟ್‌ಗಳು ದೊರೆತವು. ತೆರವಾಗಿರುವ ಪ್ರಧಾನ ಸಂಖ್ಯೆಯನ್ನು ವ್ಯವಸ್ಥೆಯೇ ಆಯಾ ಸಮಯದಲ್ಲಿ ಗೊತ್ತುಪಡಿಸುವ ಪದ್ಧತಿಯೂ ರೂಢಿಗೆ ಬಂದಿತು.

ಸ್ಥಳದ ಅಭಾವ ಹೀಗೆ ನೀಗಿತಾದರೂ, ದಾಖಲೆಗಳನ್ನು ಓದುವವನ ಹೊಣೆ ಹೆಚ್ಚಿತು. ಯಂತ್ರವು ತಾನಾಗಿ ಕೊಟ್ಟ ಸಂಖ್ಯೆಯು ಮರುದಿನ ಬೇರೊಂದು ಚಾಲಕಕ್ಕೆ ಸಲ್ಲಬಹುದು. ಪಟ್ಟಿಯಲ್ಲಿ ಸ್ಥಿರವಾಗಿರುವ 8, 0 ಸಹ ಮೊದಲು ಕಂಡುಬಂದ ಡಿಸ್ಕನ್ನು ಹೇಳುತ್ತದೆಯೇ ಹೊರತು ಇಂಥದೇ ಡಿಸ್ಕನ್ನಲ್ಲ. ಸಂಖ್ಯೆಯು ವಸ್ತುವಿನ ಸಹಜ ಗುಣವಲ್ಲ. ಅದು ಒಪ್ಪಂದದ ಫಲ. ಆದುದರಿಂದ ಹಳೆಯ ಗಣಕದಾಖಲೆಯಲ್ಲಿ ಸಾಧನಸಂಖ್ಯೆಯೊಂದು ದೊರೆತಾಗ, ಆ ಯಂತ್ರದ ಆ ಹೊತ್ತಿನ ಪಟ್ಟಿಯೊಡನೆ ಹೋಲಿಸದೆ ಅದರಿಂದ ಯಾವ ನಿರ್ಣಯಕ್ಕೂ ಬರುವುದು ಯುಕ್ತವಲ್ಲ.